ಅವ್ವನ ಕೆನ್ನೆಯೊಳಗಿನ ಫೋಟೋ

ಕ್ಯಾಮೆರಾದ ಬೆಳಕು ಮಿಂಚಿ ಅವ್ವನ ಕಣ್ಣು ಹೋಗಬಹುದಿತ್ತು. ತಾಳಮಲೆಯ ಶಾಲೆಗೆ ಬಾಯಿ ನೋಡಲು ಬಂದಿದ್ದ ಡಾಕ್ಟರು ಇದ್ದಬದ್ದ ಹಲ್ಲನ್ನೆಲ್ಲ ಕಿತ್ತುಬಿಡಬಹುದಿತ್ತು. ದಾರಿಗೆ ಆನೆ ಅಡ್ಡ ಬಂದು ನಾವು ಮನೆ ಸೇರದೆಯೂ ಹೋಗಬಹುದಿತ್ತು. ಒಂಬತ್ತು ವರ್ಷಕ್ಕೇ ನಾನು ಚಿಂತೆಯಲ್ಲಿ ಪಳಗಿದವಳು. ಇವತ್ತಿಗೂ ಮಗಳು ತನ್ನ ಆಟಿಕೆಯಂಥ ಕ್ಯಾಮೆರಾದಿಂದ ಆಗಷ್ಟೇ ಹೊರಬಂದ ಫೋಟೋ ನೀಡಿದರೆ ಕೈ ಹಿಂದಕ್ಕೆ ಕಟ್ಟಿಕೊಂಡೇ ನೋಡುತ್ತೇನೆ.

ಫೋಟೋ ತೆಗೆಯುತ್ತಾರೆಂದು ಅವ್ವ ಮದುವೆ ಸೀರೆ ಉಟ್ಟಿದ್ದಳು. ಡಾಕ್ಟರು ಅವಳ ಕೆನ್ನೆ ಸರಿಸಿ, ಒಳಗಿದ್ದ ಬಿಳಿ ಮಚ್ಚೆಯ ಹತ್ತಿರಕ್ಕೇ ಕ್ಯಾಮೆರಾ ಹಿಡಿದರು.

"ಮೊಕ ಬುಟ್ಟು ಬಾಯೊಳ್ಗ ತಗುದ್ರಲ್ಲ ಸಾಮಿ!" ಎಂದಳು ಅವ್ವ.

ಡಾಕ್ಟರು ನಗಲಿಲ್ಲ. "ಈ ಫೋಟೋನ ಕೊಯಮತ್ತೂರಿನ ದೊಡ್ಡ ಡಾಕ್ಟರಿಗೆ ತೋರಿಸಬೇಕಮ್ಮಾ. ಕೆಟ್ಟದ್ದಾದರೆ ಬೇಗ ಕೊಯ್ಯಬೇಕು." ಕ್ಯಾಮೆರಾ ಉಗುಳಿದ, ಇನ್ನೂ ಬಣ್ಣ ಮೂಡದ ಫೋಟೋವನ್ನು ನನ್ನ ಕೈಗಿತ್ತರು. "ಚಳಿಗೆ ಬಣ್ಣ ಏಳಲ್ಲ ಪಾಪಾ. ಶಾಲಿನೊಳಗೆ ಬೆಚ್ಚಗಿಡು, ಫೋಟೋದ ನಡುಭಾಗ ಅಮುಕಬೇಡ."

ಗಾಳಿ ಕಿತ್ತುಕೊಂಡರೆ? ನಾನು ಬಿಗಿಯಾಗಿ ಹಿಡಿದೆ.

ಬಣ್ಣ ಎದ್ದಾಗ ತುಟಿ, ಹಲ್ಲು ಎಲ್ಲ ಇದ್ದವು. ಮಚ್ಚೆ ಇರಬೇಕಾದಲ್ಲಿ ಮಾತ್ರ ನನ್ನ ಹೆಬ್ಬೆರಳಿನಗಲ ಕಂದು ಕಲೆ. ಕ್ಯಾಮೆರಾದಲ್ಲಿ ಬೇರೆ ಹಾಳೆ ಉಳಿದಿರಲಿಲ್ಲ. ಹಾಗಾದರೆ ನೀವೇ ಕೊಯಮತ್ತೂರಿಗೆ ಬನ್ನಿ ಎಂದರು ಡಾಕ್ಟರು.

"ಅಷ್ಟು ದೂರ ಯಾಕ ಸಾಮಿ? ಮುಂದ್ಲ ತಿಂಗ್ಳು ನೀವೇ ಬತ್ತೀರಲ್ಲ," ಎಂದ ಅವ್ವ ನನ್ನ ಕಣ್ಣೊರೆಸಿದಳು. "ಅಳ್ಬ್ಯಾಡ ಕಣ್ ಕೂಸೇ, ಒಂದ್ ತಿಂಗ್ಳಲ್ಲಿ ಏನಾದದು?" ಎನ್ನುತ್ತ ಹೊಗೆಸೊಪ್ಪು ಮುರಿದು ಅದೇ ಕೆನ್ನೆಗೆ ಒತ್ತಿಕೊಂಡಳು.