ಬಲಗಿವಿ

“ನಾ ಕೂಡಿಸಿದ ಸ್ಕ್ರೂಕ್ಕ ಕೈ ಹಚ್ಚಲಿಕ್ಕ ಎಷ್ಟು ಧೈರ್ಯಲೇ ನಿನಗ? ಇಪ್ಪತ್ತು ವರ್ಷ ಇದ ಗ್ಯಾರೇಜಿನ ಅನ್ನ ತಿಂದಿ. ಕಳ್ಳ!”

ಮಾರ್ತಾಂಡನ ಕೂಗು ಪುಣೆಯ ಕೊಂಢವಾ ಬಡಾವಣೆಯ ಆ ತಗಡಿನ ಗ್ಯಾರೇಜು ದಾಟಿ ರಸ್ತೆಗೆ ಕೇಳಿಸಿತು. ಕೆಲಸಗಾರ ಮಾಂತು ಸ್ಕ್ರೂಡ್ರೈವರನ್ನು ಒರೆಸಿ ಬೆಂಚಿನ ಮೇಲಿಟ್ಟ. ಅವನಿಗೂ ಐವತ್ತು ದಾಟಿತ್ತು. ಕೆಂಪು ಸ್ಪೋರ್ಟ್ಸ್ ಕಾರಿನ ಒಡತಿ ಇಂಪನಾ ಎರಡು ಹೆಜ್ಜೆ ಹಿಂದೆ ಸರಿದಳು.

“ಏನಾಯ್ತು ಅಂಕಲ್? ನನ್ನ ಕಾರಿಗೆ ಏನ್ ಮಾಡಿದ್ರು?”

“ಕೆಡಿಸ್ಯಾನ್ರೀ ಮೇಡಂ! ನಾ ಫೋನಿಗೆ ಹೊರಗ ಹೋಗಿದ್ದೇ ತಡ, ನಾಕು ಸ್ಕ್ರೂನ್ಯಾಗ ಎರಡು ತಿರುವಿಬಿಟ್ಟಾನ. ನನ್ನ ಹೆಸರು ಹಾಳು ಮಾಡಿ ತಾನು ಅಂಗಡಿ ತೆಗಿಯೂ ವಿಚಾರ ಅದ ಇವಂದು. ನಡೀಲೇ! ಕೈ ತೊಳಕೊಂಡು ನಡಿ.” ಮಾಂತು ಹೊರಗಿನ ನಲ್ಲಿಯ ಕಡೆ ಹೋದ.

ಆ ಕಾರಿನ ಇಂಜಿನ್ನಿಗೆ ನಾಲ್ಕು ಥ್ರಾಟಲ್ ಬಾಡಿಗಳು. ಗಾಳಿ ಎಳೆಯುವ ನಾಲ್ಕು ಗಂಟಲುಗಳಿದ್ದ ಹಾಗೆ. ನಾಲ್ಕೂ ಸಮನಾಗಿ ಉಸಿರಾಡದಿದ್ದರೆ ಐಡಲ್, ಅಂದರೆ ನಿಂತಲ್ಲಿನ ಓಟ, ಸ್ಥಿರವಾಗಿರುವುದಿಲ್ಲ. ಸಿಗ್ನಲ್ಲಿನಲ್ಲಿ ಕಾಲು ತೆಗೆದರೆ ಇಂಜಿನ್ ಕೆಮ್ಮಿ ಸಾಯುತ್ತದೆ. ಮಾರ್ತಾಂಡ ಇದನ್ನು ಕಿವಿಯಿಂದಲೇ ಹೊಂದಿಸುತ್ತಿದ್ದ. ಎಡಗೈಯಲ್ಲಿ ರಬ್ಬರ್ ನಳಿಗೆ. ಅದರ ಒಂದು ತುದಿ ಗಂಟಲಿಗೆ, ಇನ್ನೊಂದು ಎಡಗಿವಿಗೆ. ಬಲಗೈಯಲ್ಲಿ ಸ್ಕ್ರೂಡ್ರೈವರ್. ಗಾಳಿಯ ಸದ್ದು ನಾಲ್ಕರಲ್ಲೂ ಒಂದೇ ಆಗುವ ತನಕ ತಿರುಗಿಸಬೇಕು. ಪುಣೆಯ ಕಾರು ಹುಚ್ಚಿನವರೆಲ್ಲ ಅವನನ್ನು ‘ಕಾನವಾಲೆ ಮಿಸ್ತ್ರಿ’, ಕಿವಿಯ ಮೇಸ್ತ್ರಿ, ಎಂದು ಹುಡುಕಿಕೊಂಡು ಬರುತ್ತಿದ್ದರು. ಅವನಿಗಿದ್ದ ಆಸ್ತಿ ಆ ಹೆಸರೊಂದೇ.

ಇಂಪನಾ ಬ್ಯಾಗಿನಿಂದ ಗಾಳಿ ಅಳೆಯುವ ಪುಟ್ಟ ಮೀಟರ್ ತೆಗೆದಳು. “ಒಂದ್ಸಲ ಚೆಕ್ ಮಾಡ್ಬಿಡೋಣ ಅಂಕಲ್. ಭಾನುವಾರ ಭೋರ್ ಕಡೆ ಘಾಟ್ ಹತ್ತಬೇಕು. ಮಧ್ಯದಲ್ಲಿ ಆಫ್ ಆದ್ರೆ ಕಷ್ಟ.”

“ಹಚ್ಚಿ ನೋಡ್ರಿ! ಮೊದಲಿನವು ಎರಡು ಅವ ಕೆಡಿಸಿದ್ದು. ಕಡೀವು ಎರಡು ನನ್ನವು. ಗೊತ್ತಾಗ್ತದ ನಿಮಗ.”

ಇಂಜಿನ್ ಓಡುತ್ತಿತ್ತು. ಮೊದಲ ಗಂಟಲಿಗೆ ಮೀಟರ್ ಇಟ್ಟಳು. ಮುಳ್ಳು ಆರಕ್ಕೆ ನಿಂತಿತು. ಎರಡನೆಯದೂ ಆರು. ಮೂರನೆಯದು ನಾಲ್ಕು. ನಾಲ್ಕನೆಯದು ಎಂಟು.

“ಮೀಟರ್ ಸುಳ್ಳದ,” ಎಂದ ಮಾರ್ತಾಂಡ.

ಅವಳು ಮತ್ತೆ ಇಟ್ಟಳು. ಆರು, ಆರು, ನಾಲ್ಕು, ಎಂಟು. “ಹೋದ್ಸಲ ಇದೇ ಮೀಟರಲ್ಲಿ ನಾಲ್ಕೂ ಒಂದೇ ಇತ್ತು ಅಂಕಲ್. ಮಾಂತು ಅವ್ರು ಟೆಸ್ಟ್ ಡ್ರೈವ್ ಮಾಡಿ ತಂದ್ಮೇಲೆ ಮನೇಲಿ ನೋಡಿದ್ದೆ. ಇವತ್ತು ನಾನೇ ಓಡಿಸ್ತೀನಿ, ಟೆಸ್ಟ್ ಡ್ರೈವ್ ಬೇಡ ಅಂದಿದ್ದೆನಲ್ಲ...”

ಮಾರ್ತಾಂಡನ ಕೈ ಎಡಗಿವಿಗೆ ಹೋಯಿತು. ಎಂಟು ವರ್ಷದ ಹಿಂದೆ ಒಂದು ಟೈರು ಅವನ ಎಡಗಿವಿಯ ಹತ್ತಿರವೇ ಸಿಡಿದಿತ್ತು. ವಾರವಿಡೀ ಗುಂಯ್ ಎಂದು, ಆಮೇಲೆ ನಿಂತಿತ್ತು. ವಾಸಿಯಾಯಿತು ಎಂದುಕೊಂಡಿದ್ದ. ಫೋನು ತಾನಾಗಿ ಬಲಗಿವಿಗೆ ಹೋಗುತ್ತಿತ್ತು. ನಳಿಗೆ ಮಾತ್ರ ರೂಢಿಯಂತೆ ಎಡಗಿವಿಗೇ. ಆ ಎಂಟು ವರ್ಷವೂ ಪ್ರತಿ ಕಾರಿಗೆ ಮಾಂತು, “ಒಂದು ರೌಂಡ್ ಹೊಡದು ಬರ್ತೀನ್ರಿ ಮಾಲಕರ,” ಎನ್ನುತ್ತಿದ್ದ. ಐದು ನಿಮಿಷದ ರೌಂಡಿಗೆ ಅರ್ಧ ಗಂಟೆ. “ಎಲ್ಲಿ ಚಹಾ ಕುಡಕೋತ ನಿಂತಿದ್ದೀಲೇ?” ಎಂದು ಇವನು ಬಯ್ಯುವುದು, ಅವನು ನಗುವುದು.

ಎಡಗಿವಿಯ ಪಕ್ಕ ಚಿಟಿಕೆ ಹೊಡೆದು ನೋಡಿದ. ಏನೂ ಕೇಳಿಸಲಿಲ್ಲ.

ಗೂಟಕ್ಕೆ ನೇತುಹಾಕಿದ್ದ ಊಟದ ಡಬ್ಬಿ ತೆಗೆದುಕೊಳ್ಳಲು ಮಾಂತು ಒಳಗೆ ಬಂದ.

“ಯಾಕ ಹೇಳಲಿಲ್ಲೋ ನನಗ?” ಮಾರ್ತಾಂಡನ ದನಿ ಇಳಿದಿತ್ತು.

“ಏನಂತ ಹೇಳೂದ್ರಿ? ಮಂದಿ ನಿಮ್ಮ ಕಿವಿ ನಂಬಿ ಬರ್ತಾರ. ಹೇಳಿದ್ರ ನೀವ ನಂಬೂದು ಬಿಡ್ತಿದ್ರಿ.”

“ಸಿಟ್ಟಿನ್ಯಾಗ ಬಂದ ಮಾತೋ ಅದು.”

“ನಿಮ್ಮ ಸಿಟ್ಟು ಇಪ್ಪತ್ತು ವರ್ಷದಿಂದ ಕೇಳೀನ್ರಿ. ಕಳ್ಳ ಅನ್ನೂದು ಇವತ್ತ ಕೇಳಿದೆ.”

ಮಾಂತು ನಳಿಗೆಯ ತುದಿಯನ್ನು ತನ್ನ ಅಂಗಿಗೆ ಒರೆಸಿದ. ಅದನ್ನು ಮಾರ್ತಾಂಡನ ಬಲಗೈಗೆ ಕೊಟ್ಟು, ಆ ಕೈಯನ್ನು ತಾನೇ ಹಿಡಿದು ಬಲಗಿವಿಗೆ ಏರಿಸಿದ. “ಈ ಕಡೆ ಹಿಡೀರಿ. ಇದು ಇನ್ನೂ ಛಲೋ ಅದ. ಸ್ಕ್ರೂ ಎಡಗೈಲೆ ತಿರುವೂದು ರೂಢಿ ಮಾಡ್ಕೋರಿ.”

ಮಾರ್ತಾಂಡ ಬಾಗಿದ. ಮೂರನೆಯ ಗಂಟಲಿನ ಉಸಿರು ಕಿವಿಯೊಳಗೆ ಸ್ಪಷ್ಟವಾಗಿ ಹರಿಯಿತು. ಉಕ್ಕುವ ಮುಂಚೆ ಹಾಲು ಮಾಡುವ ಸದ್ದಿನಂಥ ಸದ್ದು. ಎಂಟು ವರ್ಷ ಅವನು ಅದನ್ನು ಕೇಳಿಯೇ ಇರಲಿಲ್ಲ, ನೆನಪಿನಿಂದ ಕೇಳಿಸಿಕೊಳ್ಳುತ್ತಿದ್ದ. ಒಗ್ಗದ ಎಡಗೈಯಿಂದ ಸ್ಕ್ರೂ ತಿರುಗಿಸಿದ. ಮೂರನೆಯದು ಮೊದಲಿನವುಗಳ ದನಿಗೆ ಬಂತು. ಆಮೇಲೆ ನಾಲ್ಕನೆಯದು. ಕೊನೆಗೆ ಐಡಲ್ ಸ್ಕ್ರೂ ಕೂದಲೆಳೆಯಷ್ಟು ಸರಿಸಿದಾಗ ಡ್ಯಾಶ್‌ಬೋರ್ಡಿನ ಮುಳ್ಳು ಒಂಬೈನೂರಕ್ಕೆ ಬಂದು ಅಲುಗದೆ ನಿಂತಿತು. ಅವನ ಕಣ್ಣು ತುಂಬಿತು.

“ಮಾಂತು,” ಎಂದ ಬಾಗಿದ್ದ ತಲೆ ಎತ್ತದೆ, ನಳಿಗೆ ಕಿವಿಯಿಂದ ತೆಗೆಯದೆ. “ಎಂಟು ವರ್ಷ ನನ್ನ ಮಾನ ಕಾದ್ಯಪ್ಪಾ. ನನಗೂ ಗೊತ್ತಾಗದಂಗ ಕಾದಿ. ಇದೊಂದು ಉಪಕಾರ ನಾ ಸಾಯೂತನಕ ಮರಿಯಂಗಿಲ್ಲ.”

ನಳಿಗೆ ಇಳಿಸಿ ತಿರುಗಿದ. ಗೂಟ ಖಾಲಿಯಿತ್ತು.

“ಅವ್ರು ಆಗ್ಲೇ ಹೋದ್ರಲ್ಲ ಅಂಕಲ್,” ಎಂದಳು ಇಂಪನಾ. “ಇನ್ನು ಬರಲ್ಲ ಅಂತ ನಿಮಗೇ ಹೇಳಿ ಹೋದ್ರು. ನಮಸ್ಕಾರ ಮಾಡಿ, ನಿಮ್ಮ ಎಡಗಡೆ ನಿಂತ್ಕೊಂಡು.”