ಅಪ್ಪನ ಮಂಡಿ, ಕಾರಿನ ಕ್ಲಚ್ಚು

ಬಂಗಾರಪೇಟೆ ರೈಲ್ವೆ ಗೇಟಿನಲ್ಲಿ ಮೊಮ್ಮಗನ ಕಾರಿನಿಂದ ಕ್ಲಚ್ಚು ಸುಟ್ಟ ವಾಸನೆ ಬಂದರೆ ನನಗೆ ಆಂಡರ್ಸನ್‌ಪೇಟೆಯ ಆ ಶೆಡ್ಡು ನೆನಪಾಗುತ್ತದೆ.

ಅಲ್ಲಿ ಅಪ್ಪನ ಹಳೆಯ ಬಾಡಿಗೆ ಕಾರಿಗೆ ಬೇರೆ ಗೇರ್‌ಬಾಕ್ಸ್ ಕೂರಿಸುತ್ತಿದ್ದರು. ಕ್ಲಚ್ಚು ಬಿಗಿಯದೋ ಮೆತ್ತನೆಯದೋ ಎಂದು ಮೇಸ್ತ್ರಿ ಕೇಳಿದ. ಬಿಗಿಯದು ಹೆಚ್ಚು ಬಾಳುತ್ತಿತ್ತು. ಆದರೆ ಕ್ಲಚ್ಚು ತುಳಿಯುವುದು ಎಡಗಾಲಲ್ಲಿ; ಗಣಿಯಲ್ಲಿ ಅಪ್ಪನ ಎಡಮಂಡಿ ಜಜ್ಜಿಹೋಗಿತ್ತು.

"ಬಿಗೀದೇ ಆಕಪ್ಪ. ಮೆತ್ತಗಿರಾಕೆ ಇದೇನು ಒಲಿಗೆ ಮಿಷನ್ನಾ?" ಎಂದ ಅಪ್ಪ.

ಬಿಗಿ ಕ್ಲಚ್ಚಿನ ಕಾರೊಂದು ಪಕ್ಕದಲ್ಲೇ ನಿಂತಿತ್ತು. ನಮ್ಮ ಜೊತೆ ಬಂದಿದ್ದ ಅಮ್ಮ ಅದನ್ನು ತೋರಿಸಿ, "ಅಂಗಾರೆ ಇಪ್ಪತ್ತು ಸಲ ತುಳಿ ನೋಡಾನ," ಎಂದಳು. ನನಗೆ, "ನೀನು ಎಣ್ಸೇ."

ಹನ್ನೊಂದಕ್ಕೆ ಅಪ್ಪನ ಕಾಲು ನಿಂತಿತು. ನಾನು ಇಪ್ಪತ್ತರವರೆಗೂ ಎಣಿಸಿದೆ.

"ಮೆತ್ತಂದೇ ಆಕು ಮೇಸ್ತ್ರಿ," ಎಂದ ಅಪ್ಪ ಇಳಿಯುತ್ತಾ. "ನಾಳೆ ನನ್ನ ಮಗಳೂ ಓಡಿಸ್ಬೇಕಲ್ಲ."

ಕಾರು ಗುಜರಿಗೆ ಹೋಗುವವರೆಗೂ ನನ್ನನ್ನು ಯಾರೂ ಅದರ ಡ್ರೈವರ್ ಸೀಟಿನಲ್ಲಿ ಕೂರಿಸಲಿಲ್ಲ.