ಟ್ಯಾಲಿ ಕ್ಲಾಸಿನ ಸಾಹುಕಾರ

“ಬಂತು ಕಣ್ರೋ, ರೈಸ್ ಮಿಲ್ಲು ಬಂತು!”

ಕಿಟಕಿಯಲ್ಲಿ ನಿಂತಿದ್ದ ಶರತ್ ಕೂಗಿದ್ದೇ ತಡ, ಟ್ಯಾಲಿ ಕ್ಲಾಸಿನ ಒಂಬತ್ತು ತಲೆಗಳೂ ಹೊರಗೆ ಇಣುಕಿದವು. ಕೆಳಗೆ ಬೇಕರಿ ಮುಂದೆ ದೊಡ್ಡ ಬಿಳಿ ಕಾರು. ಗರಿಗರಿ ಪಂಚೆಯ ಕರಿಯಪ್ಪ ಇಳಿದರು. ಬಾಗಿಲು ಮೆಲ್ಲಗೆ ಮುಚ್ಚಿದರು, ಗಾಜಿನ ಧೂಳನ್ನು ಹೆಗಲ ಮೇಲಿನ ವಸ್ತ್ರದಿಂದಲೇ ಒರೆಸಿದರು, ಮಂಡಿ ಉಜ್ಜಿಕೊಳ್ಳುತ್ತ ಮೆಟ್ಟಿಲು ಹತ್ತಿದರು.

“ಅಷ್ಟು ದುಡ್ಡಿದ್ರೂ ತಾನೇ ಓಡಿಸ್ಕೊಂಡು ಬತ್ತಾನಲ್ಲ! ಒಂಚೂರು ಧಿಮಾಕಿಲ್ಲ ಕಣ್ಲಾ,” ಎಂದ ಶರತ್.

ಹುಣಸೂರಿನ ಆ ತರಗತಿಯಲ್ಲಿ ಅರವತ್ತರ ಹತ್ತಿರದವರು ಅವರೊಬ್ಬರೇ. ಮೊದಲ ದಿನ ಮೇಷ್ಟ್ರು ವಿಚಾರಿಸಿದಾಗ, “ಕಟ್ಟೆಮಳಲವಾಡಿ ತಾವ ನಮ್ ಮಿಲ್ಲೈತೆ. ಲೆಕ್ಕ ಬರಿಯೋನು ಕೈಕೊಟ್ಟು ಓದ. ಅದ್ಕೇ ಕಲ್ಯಾಕೆ ಬಂದೆ,” ಎಂದಿದ್ದರು. ತರಗತಿಗೆ ಅಷ್ಟು ಸಾಕಾಯಿತು. ಮಿಕ್ಕ ಕಥೆಯನ್ನು ಅದೇ ಕಟ್ಟಿಕೊಂಡಿತು. ಸಾಹುಕಾರನಿಗೆ ಮೋಸವಾಗಿದೆ, ಈ ಸಲ ನಂಬಿಕಸ್ಥರನ್ನು ತಾನೇ ಆರಿಸಲು ಹಿಂದಿನ ಬೆಂಚಿನಲ್ಲಿ ಕೂತಿದ್ದಾನೆ!

ಜಿಕ್ರಾ ಮಾರನೆಯ ದಿನವೇ ತನ್ನ ಬ್ಯಾಗನ್ನು ಹಿಂದಿನ ಬೆಂಚಿಗೆ ಸಾಗಿಸಿದಳು.

ಅವಳ ಅವಸರಕ್ಕೆ ಕಾರಣವಿತ್ತು. ಅಪ್ಪ ಸರ್ದಾರ್ ಪಾಷಾ ಹಾಸಿಗೆ ಹೊಲಿಯುವವರು. ಹತ್ತಿ ಹಿಂಜುವ ಹೊಸ ಯಂತ್ರಕ್ಕೆಂದು ಕೂಡಿಟ್ಟಿದ್ದ ದುಡ್ಡನ್ನೇ ಫೀಸಿಗೆ ಕೊಟ್ಟಿದ್ದರು. ಅಣ್ಣ ಮುಬಷೀರನಿಗೆ ಆ ಉರಿ ಇನ್ನೂ ಆರಿರಲಿಲ್ಲ. “ಬಿ.ಕಾಂ. ಆಯ್ತು, ಈಗ ಟ್ಯಾಲಿ. ಆಮೇಲೂ ಕೆಲಸ ಸಿಗದಿದ್ರೆ ಬಾಯಿ ಮುಚ್ಕೊಂಡು ದಿಂಬಿಗೆ ಹತ್ತಿ ತುಂಬು,” ಎಂದಿದ್ದ. ಹತ್ತು ವರ್ಷದಿಂದ ತುಂಬಿ ತುಂಬಿ ಅವಳಿಗೆ ಸೀನಿದರೂ ಹತ್ತಿಯೇ ಬರುತ್ತಿತ್ತು. ಹೊಲಿದ ಹಾಸಿಗೆಗಳನ್ನು ಗೂಡ್ಸ್ ಆಟೋಗೆ ಹೇರಿ, ತಾನೇ ಓಡಿಸಿಕೊಂಡು ಹೋಗಿ ಪಿರಿಯಾಪಟ್ಟಣ, ಎಚ್.ಡಿ. ಕೋಟೆಗೆ ಮುಟ್ಟಿಸುವುದೂ ಅವಳದೇ ಪಾಲು. ಅವಳಿಗೆ ಬೇಕಿದ್ದುದು ಫ್ಯಾನಿನ ಕೆಳಗೊಂದು ತಿರುಗುವ ಕುರ್ಚಿ.

“ಅಲ್ಲ ಕಣವ್ವಾ, ಈ ಡೆಬಿಟ್ಟು ಎಡಕ್ಕಾ, ಬಲಕ್ಕಾ?” ಎಂದರು ಕರಿಯಪ್ಪ.

“ಎಡಕ್ಕೆ ಸಾರ್. ನೀವು ಆರಾಮಾಗಿರಿ, ನಾನಿದ್ದೀನಿ.”

ಅವರು ಕೀಬೋರ್ಡನ್ನು ಒಂದೇ ಬೆರಳಿನಿಂದ, ಕೋಳಿ ಕಾಳು ಕುಕ್ಕಿದಂತೆ ಕುಕ್ಕುತ್ತಿದ್ದರು. ಜಿಕ್ರಾ ಎರಡು ತಿಂಗಳು ಬಿಡದೆ ಕಲಿಸಿದಳು. ಭತ್ತದ ಖರೀದಿ, ತೌಡಿನ ಮಾರಾಟ, ಜಿಎಸ್‌ಟಿ, ಮೇಷ್ಟ್ರಿಗೂ ಸರಿಯಾಗಿ ಬಾರದ ಶಾರ್ಟ್‌ಕಟ್ಟುಗಳು. ಜತೆಗೆ ದಿನಕ್ಕೊಂದು ಖಾರಾ ಬನ್ನು, ಅವಳದೇ ಖರ್ಚು.

“ಪಾಠ ಹೇಳ್ತಿದೀಯೋ, ಬೆಣ್ಣೆ ಹಚ್ತಿದೀಯೋ?” ಶರತ್ ಕೆಣಕಿದ.

“ಬನ್ನು ನಂದು, ಬೆಣ್ಣೆ ನಂದು. ನಿಂಗೇನೋ?”

ಒಂದು ದಿನ ಕರಿಯಪ್ಪ ಯಾರ ಸಹಾಯವೂ ಇಲ್ಲದೆ ಇಡೀ ತಿಂಗಳ ಲೆಕ್ಕ ತಾಳೆ ಮಾಡಿಬಿಟ್ಟರು. “ಕೂತ್ಕತವ್ವಾ, ಕೂತ್ಕತು!” ಎಂದು ಪರದೆಯನ್ನೇ ನೋಡುತ್ತ ಕಣ್ಣೊರೆಸಿಕೊಂಡರು. ಜಿಕ್ರಾ ಚಪ್ಪಾಳೆ ತಟ್ಟಿಬಿಟ್ಟಳು. ಆ ಒಂದು ಗಳಿಗೆ ಅವಳಿಗೆ ಕೆಲಸದ ನೆನಪೇ ಇರಲಿಲ್ಲ.

ಮರುಗಳಿಗೆ ನೆನಪಾಯಿತು. ಏಕೆಂದರೆ ಅವರು ದನಿ ತಗ್ಗಿಸಿ ಕೇಳಿದ್ದರು: “ಇಂಥ ಕೆಲ್ಸಕ್ಕೆ ತಿಂಗ್ಳಿಗೆ ಏಟು ಕೇಳ್ಬೋದವ್ವಾ?”

ಹೆಚ್ಚು ಹೇಳಿದರೆ ಸಾಹುಕಾರ ಹೆದರುತ್ತಾನೆ. “ಹದಿನಾಲ್ಕು ಸಾವಿರ ಸಾಕು ಸಾರ್. ನಿಯತ್ತಿರೋರು ಅದಕ್ಕಿಂತ ಜಾಸ್ತಿ ಕೇಳಲ್ಲ.”

ಕರಿಯಪ್ಪ ಅದನ್ನು ಪುಸ್ತಕದಲ್ಲಿ ಬರೆದುಕೊಂಡು ಅಡಿಗೆರೆ ಎಳೆದರು. ಆಮೇಲೆ ನಕ್ಕು, “ಮೊನ್ನೆ ಬಸ್‌ಸ್ಟ್ಯಾಂಡ್ ತಾವ ಆಟೋನ ಇಂದಕ್ಕೆ ತಗಂಡ್ಯಲ್ಲ, ನೋಡ್ದೆ. ಒಂದು ಸೈಕಲ್‌ಗೂ ತಾಕ್ಲಿಲ್ಲ. ಲೈಸನ್ಸೈತಾ?” ಎಂದರು.

“ಇದೆ ಸಾರ್. ಕಾರಿಂದೂ ಇದೆ,” ಎಂದಳು ಜಿಕ್ರಾ. ಆಟೋದಲ್ಲಿ ಕಂಡುಬಿಟ್ಟರಲ್ಲ ಎಂದು ಒಳಗೇ ನಾಚಿಕೆ.

“ಬುಧವಾರ ಮಿಲ್ಲಿಗೆ ಬಾ ಮಗಾ. ಕೆಲ್ಸ ಐತೆ. ನಾನು ಮಾತಾಡಿವ್ನಿ.”

ಮನೆಯಲ್ಲಿ ಜಿಕ್ರಾ ಅಣ್ಣನ ತೊಡೆಯ ಮೇಲೆ ಒಂದು ದಿಂಬು ಎಸೆದಳು. “ಇನ್ಮೇಲೆ ನೀನೇ ತುಂಬ್ಕೋ,” ಎಂದಳು. ಸರ್ದಾರ್ ಪಾಷಾ ಮುಸಿಮುಸಿ ನಕ್ಕರು.

ಬುಧವಾರ ಮಿಲ್ಲಿನ ಅಂಗಳದಲ್ಲಿ ಬಿಳಿ ಕಾರು ನಿಂತಿತ್ತು. ಒಳಗೆ ಆಫೀಸಿನಲ್ಲಿ ಸುಮಾರು ನಲವತ್ತರ ಹೆಂಗಸು. ಮುಂದೆ ಪದ್ಮಶ್ರೀ ಎಂಬ ಹೆಸರಿನ ಹಲಗೆ. ಮಗಳೇ ಇರಬೇಕು, ಮೂಗೂ ಹಾಗೇ ಇದೆ ಅಂದುಕೊಂಡಳು ಜಿಕ್ರಾ.

“ಕರಿಯಪ್ಪ ಸಾರ್ ಇಲ್ವಾ ಮೇಡಂ?”

“ಒಳಗೆ ಲೆಕ್ಕ ನೋಡ್ತಿದ್ದಾರೆ. ನಿಮ್ಮನ್ನ ಎಷ್ಟು ಹೊಗಳಿದ್ರು ಅಂದ್ರೆ, ನಾನು ಇನ್ಯಾರನ್ನೂ ಕರೆಸಲೇ ಇಲ್ಲ.”

ಜಿಕ್ರಾ ಉಬ್ಬಿಹೋದಳು. ಟ್ಯಾಲಿ ಸರ್ಟಿಫಿಕೇಟಿನ ಫೈಲನ್ನು ಮೇಜಿನ ಮೇಲಿಟ್ಟು ಮುಂದಕ್ಕೆ ತಳ್ಳಿದಳು. ಪದ್ಮಶ್ರೀ ಅದನ್ನು ತೆರೆಯದೆ ಹಿಂದಕ್ಕೆ ತಳ್ಳಿದರು. ಆಹಾ, ಎಂಥ ನಂಬಿಕೆ!

“ಇದೆಲ್ಲ ಬೇಡಮ್ಮ. ಲೆಕ್ಕಕ್ಕೆ ಸೋಮವಾರದಿಂದ ಕರಿಯಪ್ಪನವರನ್ನೇ ಕೂರಿಸಿದ್ದೀನಿ. ಇಪ್ಪತ್ತು ವರ್ಷದಿಂದ ಅವರು ಮಾಡ್ತಿದ್ದ ನನ್ನ ಡ್ರೈವರ್ ಕೆಲಸಕ್ಕೆ ನಾಳೆಯಿಂದ ನೀವು ಬನ್ನಿ.”